ಮರುಭೂಮಿಯ ಹಸಿವು, ಹಾವಿನ ವಿಷ

(ಪವಿತ್ರ ಶಿಲುಬೆಯ ವಿಜಯೋತ್ಸವದ ಬಲಿಪೂಜೆಯಲ್ಲಿ ನೀಡಿದ ಪ್ರಬೋಧನೆ. ವಾಚನಗಳು: ಸಂಖ್ಯಾಕಾಂಡ 21:4-9, ಫಿಲಿಪ್ಪಿಯರಿಗೆ 2:6-11, ಯೊವಾನ್ನ 3:13-17)



ಇಂದು ಪವಿತ್ರ ಶಿಲುಬೆಯ ಹಬ್ಬ. ಬಿ.ದುರ್ಗದ ಸುತ್ತಲಿನ ಹಳ್ಳಿಗಳಿಂದ, ಹೊಳಲ್ಕೆರೆಯಿಂದ, ಹೊಸದುರ್ಗ ಮತ್ತು ಹಿರಿಯೂರಿನ ಕಡೆಯಿಂದ ಬೆಳಗಿನ ಬಸ್ಸು ಹಿಡಿದು ಬಂದಿದ್ದೀರಿ. ಕೆಲವರು ಒಂದು ದಿನದ ಕೂಲಿ ಬಿಟ್ಟು ಬಂದಿದ್ದೀರಿ. ಆ ಕೂಲಿಯ ಬೆಲೆ ಎಷ್ಟೆಂದು ನಿಮ್ಮ ಮನೆಯ ಅಡುಗೆಮನೆಗೆ ಗೊತ್ತು, ದೇವರಿಗೂ ಗೊತ್ತು. ಹಾಗಾಗಿ ಇಂದು ಆ ಅಡುಗೆಮನೆಯಿಂದಲೇ ಮಾತು ಆರಂಭಿಸುತ್ತೇನೆ.

ಮೊದಲ ವಾಚನವನ್ನು ಕೇಳಿದಿರಿ. ಇಸ್ರಯೇಲ ಜನರು ಮರುಭೂಮಿಯಲ್ಲಿ ನಡೆದು ನಡೆದು ದಣಿದಿದ್ದಾರೆ. ರೊಟ್ಟಿ ಇಲ್ಲ, ನೀರಿಲ್ಲ ಎಂದು ಗೊಣಗುತ್ತಾರೆ. ದೇವರ ಮೇಲೆ ಸಿಟ್ಟು, ಮೋಶೆಯ ಮೇಲೆ ಸಿಟ್ಟು. ಗುಲಾಮರಾಗಿದ್ದ ಈಜಿಪ್ಟೇ ಈಗ ಅವರಿಗೆ ಚೆನ್ನಾಗಿ ಕಾಣುತ್ತದೆ. ಅದಾದ ಮೇಲೆ ಹಾವುಗಳು ಬರುತ್ತವೆ, ಕಚ್ಚುತ್ತವೆ, ಜನ ಸಾಯುತ್ತಾರೆ. ಈ ಕಥೆಯನ್ನು ನಾವು ಚಿಕ್ಕಂದಿನಿಂದ ಕೇಳಿದ್ದೇವೆ. ಆದರೆ ಅದರ ಕ್ರಮವನ್ನು ಗಮನಿಸಿದ್ದೇವೆಯೇ? ಮೊದಲು ಹಸಿವು, ನಂತರ ಕಹಿ, ಆಮೇಲೆ ವಿಷ. ಹಸಿವಿಗೂ ವಿಷಕ್ಕೂ ನಡುವೆ ಒಂದು ಮೆಟ್ಟಿಲಿದೆ. ಹಸಿದವನ ಮನಸ್ಸು ಕಹಿಯಾಗುವ ಮೆಟ್ಟಿಲು ಅದು. ಇಂದು ನಾನು ಹೇಳಬೇಕಾಗಿರುವುದು ಆ ಮೆಟ್ಟಿಲಿನ ವಿಷಯವನ್ನೇ.

ಅಡುಗೆಮನೆಯಲ್ಲಿ ಕಾಣುವ ಬಿಕ್ಕಟ್ಟು

ಆರ್ಥಿಕ ಬಿಕ್ಕಟ್ಟು ಎನ್ನುವ ಮಾತು ಪತ್ರಿಕೆಯಲ್ಲಿ ಬರುತ್ತದೆ, ಟಿ.ವಿ.ಯಲ್ಲಿ ಬರುತ್ತದೆ. ನಮ್ಮ ಊರಲ್ಲಿ ಯಾರೂ ಆ ಪದ ಬಳಸುವುದಿಲ್ಲ. "ಈ ವರ್ಷ ಕೈ ಕಚ್ಚಿತು" ಎನ್ನುತ್ತಾರೆ. "ಬೋರ್ ಬತ್ತಿತು" ಎನ್ನುತ್ತಾರೆ. "ಓಲೆ ಬಿಡಿಸಿಕೊಳ್ಳೋಕೆ ಆಗಲಿಲ್ಲ" ಎನ್ನುತ್ತಾರೆ. ಹೇಳುವ ರೀತಿ ಬೇರೆ, ಸಂಕಟ ಒಂದೇ.

ನಮ್ಮ ಜಿಲ್ಲೆಗೆ ಇದು ಹೊಸದಲ್ಲ. ಹಿರಿಯರು ಧಾತು ಈಶ್ವರ ಸಂವತ್ಸರಗಳ ಬರ ಎಂದು ಹೇಳುತ್ತಿದ್ದರಲ್ಲ, 1876ರಿಂದ 1878ರವರೆಗಿನ ಆ ಬರದಲ್ಲಿ ಮೈಸೂರು ಸಂಸ್ಥಾನ ತತ್ತರಿಸಿತು. 1871ರ ಜನಗಣತಿಯಲ್ಲಿ ಸುಮಾರು 50 ಲಕ್ಷ ಇದ್ದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಆ ಬರದ ನೆನಪು ಮಾಸುವ ಮುನ್ನವೇ, 1898ರಲ್ಲಿ, ಹಿರಿಯೂರಿನ ಬಳಿ ವೇದಾವತಿಗೆ ಅಡ್ಡಲಾಗಿ ಮಾರಿಕಣಿವೆಯ ಅಣೆಕಟ್ಟೆಯ ಕೆಲಸ ಆರಂಭವಾಯಿತು, 1907ರಲ್ಲಿ ಮುಗಿಯಿತು. ಅದೇ ನಮ್ಮ ವಾಣಿವಿಲಾಸ ಸಾಗರ.

ಇತ್ತೀಚಿನದನ್ನೂ ನೆನೆಯೋಣ. 2000ದ ಆಸುಪಾಸಿನಲ್ಲಿ ತೆಂಗಿಗೆ ನುಸಿ ಬಿತ್ತು, ಅಡಿಕೆಯ ಧಾರಣೆ ಕುಸಿಯಿತು. 2011ರ ಆಗಸ್ಟ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ನಮ್ಮ ಜಿಲ್ಲೆಯ ಕಬ್ಬಿಣದ ಅದಿರಿನ ಗಣಿಗಾರಿಕೆಯನ್ನು ನಿಲ್ಲಿಸಿತು. ಅಕ್ರಮ ನಿಲ್ಲಬೇಕಿತ್ತು, ಬೆಟ್ಟ ಉಳಿಯಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಸಾಲ ಮಾಡಿ ಒಂದು ಲಾರಿ ಕೊಂಡಿದ್ದ ಡ್ರೈವರ್‌ಗೆ, ದಾರಿ ಬದಿ ಚಹಾ ಅಂಗಡಿ ಇಟ್ಟಿದ್ದ ವಿಧವೆಗೆ, ಮುಂದಿನ ತಿಂಗಳ ಕಂತು ಯಾರು ಕಟ್ಟಬೇಕಿತ್ತು? ದೊಡ್ಡವರು ಮಾಡಿದ ತಪ್ಪಿಗೆ ಅತಿ ಚಿಕ್ಕವರು ಮೊದಲು ದಂಡ ಕಟ್ಟಿದರು. 2016ರ ನವೆಂಬರ್ 8ರ ರಾತ್ರಿ ನೋಟು ರದ್ದಾದಾಗ, 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದಾಗಲೂ ಮೊದಲು ಏಟು ತಿಂದವರು ಅವರೇ. 2023ರಲ್ಲಿ ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಜೋಳ ಒಣಗಿದ್ದನ್ನು ನೀವು ಕಣ್ಣಾರೆ ಕಂಡಿರಿ.

ಬಿಕ್ಕಟ್ಟು ಮನೆಗೆ ಬಂದಾಗ ಮೊದಲು ಕಿತ್ತುಕೊಳ್ಳುವುದು ಏನನ್ನು? ಹಣವನ್ನು ಎಂದು ನಾವು ತಿಳಿದಿದ್ದೇವೆ. ಇಪ್ಪತ್ತು ವರ್ಷಗಳಿಂದ ಮನೆ ಮನೆ ಹೊಕ್ಕು ನೋಡಿದ ನನಗೆ ಹಾಗನ್ನಿಸುವುದಿಲ್ಲ. ಅದು ಮೊದಲು ಕಿತ್ತುಕೊಳ್ಳುವುದು ಮನುಷ್ಯನ ಮುಖವನ್ನು. ಸಾಲಗಾರನಾದವನು ಮೊದಲು ಸಂತೆಯ ದಾರಿ ಬದಲಿಸುತ್ತಾನೆ. ನಂತರ ನೆಂಟರ ಮದುವೆಗೆ ಹೋಗುವುದನ್ನು ಬಿಡುತ್ತಾನೆ, ಮುಯ್ಯಿ ಮಾಡಲು ಕೈಯಲ್ಲಿ ಇಲ್ಲವಲ್ಲ! ಆಮೇಲೆ ಪೂಜೆಗೆ ಬರುವುದನ್ನೂ ಬಿಡುತ್ತಾನೆ. ಕಾಣಿಕೆಯ ತಟ್ಟೆ ಮುಂದೆ ಬಂದಾಗ ಏನು ಮಾಡಬೇಕು ಎನ್ನುವ ಸಂಕೋಚ. ಅವನು ಬರಲಿಲ್ಲ ಎಂದು ನಾವು ಹೇಳುತ್ತೇವೆ, ಏಕೆ ಬರಲಿಲ್ಲ ಎಂದು ಕೇಳುವುದಿಲ್ಲ.

ಗುಂಪು ಸಾಲದ ವಿಷಯ ನಮ್ಮ ತಾಯಂದಿರಿಗೆ ಚೆನ್ನಾಗಿ ಗೊತ್ತು. ಹತ್ತು ಹೆಂಗಸರು ಸೇರಿ ಸಾಲ ತೆಗೆಯುತ್ತಾರೆ. ಒಬ್ಬಳು ವಾರದ ಕಂತು ಕಟ್ಟದಿದ್ದರೆ ಉಳಿದ ಒಂಬತ್ತು ಜನರನ್ನು ಕೂರಿಸುತ್ತಾರೆ. ಸಾಲ ಕೊಟ್ಟವನು ಬೈಯುವ ಅಗತ್ಯವೇ ಇಲ್ಲ, ಅಕ್ಕಪಕ್ಕದವರೇ ಬೈಯುತ್ತಾರೆ. ನಿನ್ನೆ ಸಾರು ಹಂಚಿಕೊಂಡಿದ್ದ ಅಕ್ಕತಂಗಿಯರು ಇಂದು ಬಾಗಿಲಲ್ಲಿ ನಿಂತು ಕಿರುಚುತ್ತಾರೆ. ಕಂಪನಿಗಳ ವಸೂಲಿ ಕಾಟಕ್ಕೆ ರಾಜ್ಯದಲ್ಲಿ ಹಲವರು ಪ್ರಾಣ ಕಳೆದುಕೊಂಡ ಮೇಲೆ, 2025ರ ಫೆಬ್ರವರಿ 12ರಂದು ಸರ್ಕಾರ ಸುಗ್ರೀವಾಜ್ಞೆ ತರಬೇಕಾಯಿತು. ಬಿಕ್ಕಟ್ಟು ಎಂದರೆ ಇದೇ. ಅದು ಜೇಬನ್ನು ಬರಿದು ಮಾಡಿ ಸುಮ್ಮನಾಗುವುದಿಲ್ಲ, ನೆರೆಯವರನ್ನು ನೆರೆಯವರಿಗೆ ಎತ್ತಿಕಟ್ಟುತ್ತದೆ.

ಶತ್ರುವನ್ನು ಹಂಚುವವರು

ಹೀಗೆ ಮುಖ ಮುಚ್ಚಿಕೊಂಡು ಕುಳಿತವನ ಮನೆಗೆ ಯಾರೋ ಒಬ್ಬ ಬರುತ್ತಾನೆ. ಅವನ ಕೈಯಲ್ಲಿ ಅಕ್ಕಿ ಇರುವುದಿಲ್ಲ, ಕೆಲಸವೂ ಇರುವುದಿಲ್ಲ. ಆದರೆ ಅವನು ಒಂದು ಮಾತು ತರುತ್ತಾನೆ: "ನಿನ್ನ ತಪ್ಪೇನೂ ಇಲ್ಲ. ನಿನ್ನ ಅನ್ನ ಕಸಿದವರು ಯಾರೆಂದು ನಾನು ತೋರಿಸುತ್ತೇನೆ, ಬಾ." ನೊಂದವನಿಗೆ ಎಷ್ಟು ಹಿತವಾದ ಮಾತು! ವರ್ಷದಿಂದ ತನ್ನನ್ನೇ ತಾನು ಶಪಿಸಿಕೊಂಡವನಿಗೆ ಶಪಿಸಲು ಇನ್ನೊಬ್ಬ ಸಿಕ್ಕಿದ. ಉಗ್ರವಾದ ಹಸಿದವನಿಗೆ ಅನ್ನ ಕೊಡುವುದಿಲ್ಲ, ಶತ್ರುವನ್ನು ಕೊಡುತ್ತದೆ.

ಇದು ದೊಡ್ಡ ಪ್ರಮಾಣದಲ್ಲಿ ನಡೆದ ಒಂದು ದೇಶವಿದೆ. ಮಾರಿಕಣಿವೆ ಮೊದಲ ಸಲ ತುಂಬಿ ಕೋಡಿ ಬಿದ್ದದ್ದು 1933ರಲ್ಲಿ ಎಂದು ಹಿರಿಯೂರಿನವರಿಗೆ ಗೊತ್ತು. ಮತ್ತೆ ಕೋಡಿ ಬೀಳಲು 2022ರವರೆಗೆ, 89 ವರ್ಷ, ಕಾಯಬೇಕಾಯಿತು. ಅದೇ 1933ರ ಜನವರಿ 30ರಂದು ಜರ್ಮನಿಯಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ. ಇಲ್ಲಿ ನೀರು ಉಕ್ಕಿದ ವರ್ಷವೇ ಅಲ್ಲಿ ವಿಷ ಉಕ್ಕಿತು.

ಅದು ಒಂದೇ ದಿನದಲ್ಲಿ ಉಕ್ಕಿದ್ದಲ್ಲ. 1928ರ ಚುನಾವಣೆಯಲ್ಲಿ ಅವನ ಪಕ್ಷಕ್ಕೆ ನೂರಕ್ಕೆ ಮೂರು ಮತವೂ ಬಿದ್ದಿರಲಿಲ್ಲ. 1929ರಲ್ಲಿ ಅಮೆರಿಕದ ಷೇರುಪೇಟೆ ಕುಸಿಯಿತು, ಜರ್ಮನಿಗೆ ಕೊಟ್ಟಿದ್ದ ಸಾಲವನ್ನು ಹಿಂದಕ್ಕೆ ಕೇಳಿದರು, ಕಾರ್ಖಾನೆಗಳು ಮುಚ್ಚಿದವು, ಸರ್ಕಾರ ಸಂಬಳಕ್ಕೂ ಸಹಾಯಧನಕ್ಕೂ ಕತ್ತರಿ ಹಾಕಿತು. 1929ರ ಸೆಪ್ಟೆಂಬರ್‌ನಲ್ಲಿ ಸುಮಾರು 13 ಲಕ್ಷ ಇದ್ದ ನಿರುದ್ಯೋಗಿಗಳು 1932ರ ಆರಂಭದಲ್ಲಿ 60 ಲಕ್ಷವಾದರು. ಹಿಟ್ಲರನ ಮತಗಳು 1930ರಲ್ಲಿ ನೂರಕ್ಕೆ ಹದಿನೆಂಟಾದವು, 1932ರ ಜುಲೈನಲ್ಲಿ ಮೂವತ್ತೇಳಾದವು. ಅವನು ಅವರಿಗೆ ತೋರಿಸಿದ ಶತ್ರು ಯೆಹೂದ್ಯರು. ಅವನ ಕಾಲದಲ್ಲಿ ಸುಮಾರು 60 ಲಕ್ಷ ಯೆಹೂದ್ಯರ ಕೊಲೆಯಾಯಿತು.

ಇಲ್ಲಿ ನಾವು ಎರಡು ಸಂಗತಿಗಳನ್ನು ಕಲಿಯಬೇಕು. ಆಗ ಕೆಲಸ ಕಳೆದುಕೊಂಡವರಲ್ಲಿ ಹೆಚ್ಚಿನವರು ಅವನ ಹಿಂದೆ ಹೋಗಲಿಲ್ಲ. ಅವನ ಬಲ ಬೆಳೆದದ್ದು ಸಣ್ಣ ರೈತರಿಂದ, ಸಣ್ಣ ಅಂಗಡಿಯವರಿಂದ, ಅಂದರೆ ಇದ್ದದ್ದನ್ನು ನಾಳೆ ಕಳೆದುಕೊಳ್ಳುತ್ತೇವೆ ಎಂದು ಹೆದರಿದವರಿಂದ. ಹಸಿವಿಗಿಂತ ಹಸಿವಿನ ಭಯ ಮನುಷ್ಯನನ್ನು ಹೆಚ್ಚು ಕುರುಡು ಮಾಡುತ್ತದೆ. ಆದ್ದರಿಂದ "ಉಗ್ರರೆಲ್ಲ ಬಡವರ ಮಕ್ಕಳು" ಎಂದು ಹೇಳುವುದು ಬಡವರಿಗೆ ಮಾಡುವ ಅನ್ಯಾಯ. ಧಾತು ಈಶ್ವರ ಬರದಲ್ಲಿ ಲಕ್ಷಾಂತರ ಜನ ಯಾರ ಮೇಲೂ ಕೈ ಎತ್ತದೆ ಸತ್ತರು.

ಎರಡನೆಯದು, ಬಿಕ್ಕಟ್ಟು ಬಂದ ಕಡೆಯೆಲ್ಲ ಹಿಟ್ಲರ್ ಹುಟ್ಟಲಿಲ್ಲ. ಅಮೆರಿಕದಲ್ಲೂ 1933ರಲ್ಲಿ ನಾಲ್ವರು ಕೆಲಸಗಾರರಲ್ಲಿ ಒಬ್ಬನಿಗೆ ಕೆಲಸವಿರಲಿಲ್ಲ. ಅಲ್ಲಿ ಸರ್ಕಾರ ರಸ್ತೆ, ಅಣೆಕಟ್ಟೆ, ಅರಣ್ಯದ ಕೆಲಸ ಕೊಟ್ಟಿತು. 1935ರಲ್ಲಿ ಮುದುಕರಿಗೆ ಪಿಂಚಣಿಯ ಕಾನೂನು ತಂದಿತು. ಎರಡು ದೇಶಗಳಿಗೂ ಒಂದೇ ಜ್ವರ ಬಂದಿತ್ತು. ಒಂದು ಕಡೆ ಔಷಧಿ ಕೊಟ್ಟರು, ಇನ್ನೊಂದು ಕಡೆ ವಿಷ ಕೊಟ್ಟರು.

ನಮ್ಮ ಕಥೋಲಿಕರು ಆಗ ಏನು ಮಾಡಿದರು ಎಂದು ನೀವು ಕೇಳಬಹುದು. ಕಥೋಲಿಕರು ಹೆಚ್ಚಾಗಿದ್ದ ಊರುಗಳಲ್ಲಿ ಹಿಟ್ಲರನಿಗೆ ಮತ ಕಡಿಮೆ ಬಿತ್ತು. ಅವನ ಪಕ್ಷ ಸೇರಬಾರದೆಂದು ಧರ್ಮಾಧ್ಯಕ್ಷರು ಎಚ್ಚರಿಸಿದ್ದರು. ಇದನ್ನು ಹೇಳಿ ನಾವು ಬೆನ್ನು ತಟ್ಟಿಕೊಳ್ಳಬಹುದಿತ್ತು. ಆದರೆ 1933ರ ಮಾರ್ಚ್‌ನಲ್ಲಿ ಅವನಿಗೆ ಸರ್ವಾಧಿಕಾರ ಕೊಡುವ ಕಾನೂನಿಗೆ ಕಥೋಲಿಕರ ಪಕ್ಷವೂ ಮತ ಹಾಕಿತು, ಧರ್ಮಾಧ್ಯಕ್ಷರೂ ತಮ್ಮ ನಿಷೇಧವನ್ನು ಹಿಂತೆಗೆದುಕೊಂಡರು. ಜಗದ್ಗುರು ಹನ್ನೊಂದನೇ ಪಿಯುಸ್‌ರವರು ಜರ್ಮನ್ ಭಾಷೆಯಲ್ಲೇ ಬರೆದ ಖಂಡನೆಯ ವಿಶ್ವಪತ್ರವನ್ನು ಅಲ್ಲಿನ ದೇವಾಲಯಗಳಲ್ಲಿ ಓದಿದ್ದು 1937ರ ಗರಿಗಳ ಭಾನುವಾರದಂದು. ಧೈರ್ಯದ ಕೆಲಸವೇ ಸರಿ, ಆದರೆ ನಾಲ್ಕು ವರ್ಷ ಕಳೆದಿತ್ತು. ಹಾವು ಕಚ್ಚಿದ ಮೇಲೆ ನಾಲ್ಕು ವರ್ಷಕ್ಕೆ ಔಷಧಿ ಹುಡುಕಿದರೆ ಏನು ಫಲ?

ನಮ್ಮ ಪಕ್ಕದ ಊರಲ್ಲಿ

ಜರ್ಮನಿ ದೂರವಾಯಿತು ಎನ್ನುವವರಿಗೆ ಪಾವಗಡವನ್ನು ತೋರಿಸುತ್ತೇನೆ. ಹಿರಿಯೂರು, ಚಳ್ಳಕೆರೆ ತಾಲೂಕುಗಳ ಪೂರ್ವಕ್ಕೆ ಇರುವ ಆ ತಾಲೂಕಿನ ಮಣ್ಣೂ ನಮ್ಮದರ ಹಾಗೆಯೇ. ಮಳೆ ಕಡಿಮೆ, ಶೇಂಗಾ ನಂಬಿದ ಬದುಕು, ಕೆಲಸಕ್ಕೆ ಬೆಂಗಳೂರಿನ ದಾರಿ ಹಿಡಿಯುವ ಯುವಕರು. 2005ರ ಫೆಬ್ರವರಿ 10ರ ರಾತ್ರಿ ಆ ತಾಲೂಕಿನ ವೆಂಕಟಮ್ಮನಹಳ್ಳಿಯಲ್ಲಿ ನಕ್ಸಲರು ಪೊಲೀಸ್ ಶಿಬಿರದ ಮೇಲೆ ದಾಳಿ ಮಾಡಿದರು. ಕರ್ತವ್ಯದಲ್ಲಿದ್ದ ಪೊಲೀಸರು ಸತ್ತರು, ಒಬ್ಬ ಬಸ್ ಕ್ಲೀನರ್ ಕೂಡ ಸತ್ತ. ಬಡವರ ಹೆಸರಿನಲ್ಲಿ ಬಂದೂಕು ಎತ್ತಿದವರು ಕೊಂದದ್ದು ಯಾರನ್ನು? ತಿಂಗಳ ಸಂಬಳಕ್ಕೆ ದುಡಿಯುವ ಪೇದೆಗಳನ್ನು, ಬಸ್ಸಿನ ಬಾಗಿಲಲ್ಲಿ ನೇತಾಡಿ ಹೊಟ್ಟೆ ಹೊರೆಯುವ ಒಬ್ಬ ಕ್ಲೀನರನ್ನು. ಆ ರಾತ್ರಿಯಿಂದ ಯಾರ ಹೊಲಕ್ಕೂ ನೀರು ಬರಲಿಲ್ಲ.

ಅದೇ ಪಾವಗಡದಲ್ಲಿ ಇಂದು ಸುಮಾರು 13,000 ಎಕರೆಯಲ್ಲಿ ಸೋಲಾರ್ ಪಾರ್ಕ್ ಇದೆ. ಒಣ ಹೊಲದ ರೈತನಿಗೆ ಗುತ್ತಿಗೆಯ ಹಣ ವರ್ಷ ವರ್ಷ ಬರುತ್ತದೆ. ಒಳ್ಳೆಯದೇ. ಆದರೆ ಹೊಲವೇ ಇಲ್ಲದ ಕೂಲಿಯವರಿಗೆ ಗುತ್ತಿಗೆ ಇಲ್ಲ, ಹೊಲದ ಕೆಲಸವೂ ಇಲ್ಲ. ಒಬ್ಬನ ಬಿಕ್ಕಟ್ಟು ಪರಿಹಾರವಾಗುವಾಗ ಇನ್ನೊಬ್ಬನನ್ನು ಮರೆತರೆ ಕಹಿ ಹಾಗೆಯೇ ಉಳಿಯುತ್ತದೆ. 2025ರ ಜನವರಿ 8ರಂದು ಆರು ಮಂದಿ ನಕ್ಸಲರು ಬೆಂಗಳೂರಿನಲ್ಲಿ ಮುಖ್ಯಮಂತ್ರಿಗಳ ಮುಂದೆ ಶರಣಾದರು. ಕಾಡಿನಲ್ಲಿ ಬಂದೂಕು ಹಿಡಿದವರು ಮನೆಗೆ ಬಂದರು. ಆದರೆ ಕಹಿ ಹಿಡಿದವರನ್ನು ಮನೆಗೆ ಕರೆತರುವುದು ಯಾರ ಕೆಲಸ?

ಈಗ ಇಂದಿನ ದಿನಕ್ಕೆ ಬರುತ್ತೇನೆ. 2008ರ ಸೆಪ್ಟೆಂಬರ್ 14 ಭಾನುವಾರವಾಗಿತ್ತು, ಇದೇ ಶಿಲುಬೆಯ ಹಬ್ಬವಾಗಿತ್ತು. ಆ ದಿನ ಮಂಗಳೂರಿನಲ್ಲಿ, ಕರಾವಳಿಯ ಇತರ ಕಡೆಗಳಲ್ಲಿ ನಮ್ಮ ಪ್ರಾರ್ಥನಾ ಸ್ಥಳಗಳ ಮೇಲೆ ದಾಳಿ ನಡೆಯಿತು. ಕನ್ಯಾಸ್ತ್ರೀಯರು ಪ್ರಾರ್ಥಿಸುತ್ತಿದ್ದ ಆರಾಧನಾ ಮಠದ ಶಿಲುಬೆಯನ್ನೂ ಬಿಡಲಿಲ್ಲ. ಅದರ ಮರುದಿನ, ಸೆಪ್ಟೆಂಬರ್ 15ರಂದು, ಅಮೆರಿಕದಲ್ಲಿ ಲೇಮನ್ ಬ್ರದರ್ಸ್ ಬ್ಯಾಂಕು ದಿವಾಳಿಯಾಗಿ ಜಗತ್ತಿನ ಆರ್ಥಿಕ ಬಿಕ್ಕಟ್ಟು ತೀವ್ರವಾಯಿತು. ಒಂದು ಇನ್ನೊಂದರಿಂದ ಆಯಿತು ಎಂದು ನಾನು ಹೇಳುತ್ತಿಲ್ಲ. ಆ ಕಲ್ಲನ್ನು ಹಸಿವು ಎತ್ತಿಸಲಿಲ್ಲ, ಹಸಿವಿಲ್ಲದವರು ಕಲಿಸಿದ ದ್ವೇಷ ಎತ್ತಿಸಿತು. ಆದರೆ ಮುಂದಿನ ವರ್ಷಗಳಲ್ಲಿ ಎಷ್ಟೋ ದೇಶಗಳಲ್ಲಿ ಕೆಲಸ ಹೋಯಿತು, ಮನೆ ಹೋಯಿತು, ವಲಸೆ ಬಂದವರೇ ಇದಕ್ಕೆಲ್ಲ ಕಾರಣ ಎಂದು ಕೂಗುವ ಪಕ್ಷಗಳು ಬೆಳೆದವು. ಗ್ರೀಸ್ ದೇಶ ಸಾಲದಲ್ಲಿ ಮುಳುಗಿದಾಗ, ಹಿಂದೆ ಯಾರೂ ಲೆಕ್ಕಕ್ಕೆ ಇಟ್ಟಿರದ ಒಂದು ನಾಜಿವಾದಿ ಪಕ್ಷ 2012ರಲ್ಲಿ ಸಂಸತ್ತನ್ನು ಹೊಕ್ಕಿತು. ದೇಶ ಬೇರೆ, ಭಾಷೆ ಬೇರೆ, ಹಾವು ಅದೇ.

ನಾವು ಏಟು ತಿಂದವರು. ಆದ್ದರಿಂದ ಇದನ್ನು ಬಲ್ಲವರು. ಆದರೆ ಏಟು ತಿಂದ ಮಾತ್ರಕ್ಕೆ ನಮ್ಮಲ್ಲಿ ವಿಷವಿಲ್ಲ ಎನ್ನಬಹುದೇ?

ಒಂದು ತಪ್ಪೊಪ್ಪಿಗೆ

ಪ್ರಿಯರೇ, ನಾನು ನಿಮ್ಮೆಲ್ಲರ ತಪ್ಪೊಪ್ಪಿಗೆ ಕೇಳುವವನು. ಇಂದು ನನ್ನದೊಂದನ್ನು ನೀವು ಕೇಳಿ.

ನಾನು ಹಿಂದೆ ಸೇವೆಯಲ್ಲಿದ್ದ ಒಂದು ಧರ್ಮಕೇಂದ್ರದಲ್ಲಿ ಒಬ್ಬ ಹುಡುಗನಿದ್ದ. ಬೆಂಗಳೂರಿನ ಹೋಟೆಲೊಂದರಲ್ಲಿ ಕೆಲಸ ಮಾಡುತ್ತಿದ್ದವನು ಲಾಕ್‌ಡೌನ್‌ನಲ್ಲಿ ಊರಿಗೆ ಬಂದ. ಹೋಟೆಲು ಮತ್ತೆ ತೆರೆಯಲಿಲ್ಲ. ತಂಗಿಯ ಮದುವೆಯ ಸಾಲ ಹಾಗೆಯೇ ಇತ್ತು. ಕೆಲವು ತಿಂಗಳ ಮೇಲೆ ಅವನ ಮೊಬೈಲಿನಿಂದ ನಮ್ಮ ಯುವಕರ ಗುಂಪಿಗೆ ಸಂದೇಶಗಳು ಬರತೊಡಗಿದವು. ಇಂತಹ ಸಮುದಾಯದವರ ಅಂಗಡಿಗೆ ಹೋಗಬೇಡಿ, ನಮ್ಮ ಅನ್ನ ತಿನ್ನುವವರು ಅವರೇ, ಅವರಿಗೆ ಬುದ್ಧಿ ಕಲಿಸಬೇಕು, ಹೀಗೆಲ್ಲ. ನಮ್ಮ ಹುಡುಗ, ನಮ್ಮ ಗಾಯನ ವೃಂದದಲ್ಲಿ ಹಾಡಿದವನು!

ನನಗೆ ಸಿಟ್ಟು ಬಂತು. ಒಂದು ಭಾನುವಾರ ಪೂಜೆ ಮುಗಿದ ಮೇಲೆ ಅವನ ತಾಯಿಯ ಎದುರಿಗೇ ಬೈದೆ. ಯೇಸುಸ್ವಾಮಿ ನಿನಗೆ ಇದನ್ನೇ ಕಲಿಸಿದರೇ ಎಂದು ಕೇಳಿದೆ. ಅವನು ತಲೆ ತಗ್ಗಿಸಿ ನಿಂತಿದ್ದ. ಕೊನೆಗೆ ಒಂದೇ ಮಾತು ಹೇಳಿದ: "ಸ್ವಾಮಿ, ಊರಿಗೆ ಬಂದು ಹನ್ನೊಂದು ತಿಂಗಳಾಯ್ತು. ಊಟ ಆಯ್ತಾ, ಏನು ಮಾಡ್ತಿದ್ದೀಯ ಅಂತ ನನ್ನ ಕೇಳಿದೋರು ಆ ಗುಂಪಿನೋರು ಒಬ್ಬರೇ."

ಅಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆ ಹನ್ನೊಂದು ತಿಂಗಳಲ್ಲಿ ನಾನು ಅವನ ಬೀದಿಗೆ ಎರಡು ಸಲ ಹೋಗಿದ್ದೆ. ಒಮ್ಮೆ ಹೊಸ ಮನೆಯೊಂದನ್ನು ಆಶೀರ್ವದಿಸಲು, ಇನ್ನೊಮ್ಮೆ ಅದೇ ಮನೆಯ ಹುಟ್ಟುಹಬ್ಬದ ಊಟಕ್ಕೆ. ಅವನ ಮನೆ ಅಲ್ಲಿಂದ ನಾಲ್ಕನೆಯದು. ಬೇರೆಯವರು ಅವನನ್ನು ಕದ್ದುಕೊಂಡು ಹೋಗಲಿಲ್ಲ. ನಾನು ಬಾಗಿಲು ತಟ್ಟದೆ ಬಿಟ್ಟ ಮನೆಯನ್ನು ಅವರು ತಟ್ಟಿದರು, ಅಷ್ಟೆ.

ಮಾರನೆಯ ದಿನ ಸಂಜೆ ಅವರ ಮನೆಗೆ ಹೋದೆ. ತಾಯಿ ಹಾಲಿಲ್ಲದ ಚಹಾ ಕೊಟ್ಟರು. ನಾನು ಉಪದೇಶ ಮಾಡಲಿಲ್ಲ. ಅವನ ಸಾಲದ ಲೆಕ್ಕ ಕೇಳಿದೆ. ಒಂದು ಹಾಳೆಯಲ್ಲಿ ಬರೆದಾಗ ನಾಲ್ಕು ಕಡೆಯ ಸಾಲ, ಒಂದರ ಬಡ್ಡಿ ತೀರಿಸಲು ತೆಗೆದ ಇನ್ನೊಂದು. ಆ ಹಾಳೆಯಲ್ಲಿ ಅವನು ದ್ವೇಷಿಸುತ್ತಿದ್ದ ಸಮುದಾಯದ ಒಬ್ಬನ ಹೆಸರೂ ಇರಲಿಲ್ಲ! ಅದನ್ನು ನಾನು ಹೇಳಲಿಲ್ಲ, ಅವನೇ ಹಾಳೆ ನೋಡುತ್ತಾ ಸುಮ್ಮನಾದ. ನಮ್ಮ ಪಾಲನಾ ಮಂಡಳಿಯ ಒಬ್ಬರು ತಮ್ಮ ಟೈರು ಅಂಗಡಿಯಲ್ಲಿ ಅವನಿಗೆ ಕೆಲಸ ಕೊಟ್ಟರು. ಸಾಲ ಒಂದೇ ವರ್ಷದಲ್ಲಿ ತೀರಲಿಲ್ಲ. ಅವನು ಒಂದೇ ದಿನದಲ್ಲಿ ಬದಲಾಗಲೂ ಇಲ್ಲ. ಆದರೆ ಸಂದೇಶಗಳು ಮೊದಲು ಕಡಿಮೆಯಾದವು, ಆಮೇಲೆ ನಿಂತವು.

ಕಂಚಿನ ಸರ್ಪವನ್ನು ನೋಡಿ

ಮತ್ತೆ ಮರುಭೂಮಿಗೆ ಹೋಗೋಣ. ದೇವರು ಮೋಶೆಗೆ ಕೊಟ್ಟ ಔಷಧಿ ವಿಚಿತ್ರವಾದದ್ದು. ಕಂಚಿನಲ್ಲಿ ಒಂದು ಸರ್ಪ ಮಾಡಿ ಕಂಬದ ಮೇಲೆ ಏರಿಸು, ಕಚ್ಚಿಸಿಕೊಂಡವರು ಅದನ್ನು ನೋಡಲಿ ಎಂದರು. ಯಾವುದು ಕಚ್ಚಿತೋ ಅದನ್ನೇ ಕಣ್ಣೆತ್ತಿ ನೋಡಬೇಕು. ಪಕ್ಕದವನನ್ನು ನೋಡಿ ಬೈದರೆ ವಿಷ ಇಳಿಯುವುದಿಲ್ಲ. ನನ್ನನ್ನು ಕಚ್ಚಿದ್ದು ಯಾವುದು ಎಂದು ನೆಟ್ಟಗೆ ನೋಡಿದವನು ಬದುಕುತ್ತಾನೆ. ಆ ಹುಡುಗನ ಸಾಲದ ಹಾಳೆ ಅವನ ಪಾಲಿನ ಕಂಚಿನ ಸರ್ಪವಾಯಿತು.

ಇಂದಿನ ಶುಭಸಂದೇಶದಲ್ಲಿ ಯೇಸುಸ್ವಾಮಿ ನಿಕೊದೇಮನಿಗೆ ಹೇಳುವುದೂ ಇದನ್ನೇ. ಆ ಸರ್ಪದಂತೆ ತಾನೂ ಮೇಲೇರಿಸಲ್ಪಡಬೇಕು. ದೇವರು ಮಗನನ್ನು ಕಳುಹಿಸಿದ್ದು ಲೋಕಕ್ಕೆ ದಂಡನೆ ವಿಧಿಸಲು ಅಲ್ಲ, ಅದನ್ನು ಉದ್ಧರಿಸಲು. ಶಿಲುಬೆಯಲ್ಲಿ ತೂಗುತ್ತಿರುವವರು ಯಾರು? ಆಳುವವರ ಭಯಕ್ಕೂ ಗುಂಪಿನ ಕೂಗಿಗೂ ಬಲಿಯಾದ ಒಬ್ಬ ಬಡಗಿಯ ಮಗ. ಜನರಿಗೆ ಅಂದೂ ಯಾರೋ ಒಬ್ಬ ಶತ್ರುವನ್ನು ತೋರಿಸಿದ್ದರು. ಜನ ನಂಬಿದರು, ಕೂಗಿದರು. ಆದ್ದರಿಂದ ಶಿಲುಬೆಗೆ ನಮಸ್ಕರಿಸುವವನು ಯಾವ ಗುಂಪಿನಲ್ಲೂ ಆ ಕೂಗು ಕೂಗಲಾರ.

ಧರ್ಮಸಭೆ ಇದನ್ನು ಬಹಳ ಹಿಂದೆಯೇ ಹೇಳಿದೆ. 1891ರಲ್ಲಿ ಜಗದ್ಗುರು ಹದಿಮೂರನೇ ಲಿಯೋರವರು ಕಾರ್ಮಿಕರ ನ್ಯಾಯವಾದ ಕೂಲಿಗಾಗಿ ವಿಶ್ವಪತ್ರ ಬರೆದರು. ಕೂಲಿಕಾರನಿಗೆ ನ್ಯಾಯ ಸಿಗದಿದ್ದರೆ ಸಮಾಜವೇ ಒಡೆಯುತ್ತದೆ ಎಂದು ಅವರಿಗೆ ಗೊತ್ತಿತ್ತು. 2020ರಲ್ಲಿ ಜಗದ್ಗುರು ಫ್ರಾನ್ಸಿಸ್‌ರವರು ಸೋದರತ್ವದ ಬಗ್ಗೆ ಬರೆದ ವಿಶ್ವಪತ್ರದಲ್ಲಿ, ಜನರ ಭಯವನ್ನು ಬಳಸಿಕೊಂಡು ಬೆಳೆಯುವ ರಾಜಕೀಯದ ವಿರುದ್ಧ ಎಚ್ಚರಿಸಿದರು. ಬಡವನಿಗೆ ಹಣದ ಸಹಾಯ ತಾತ್ಕಾಲಿಕ, ದುಡಿದು ಬದುಕುವ ಘನತೆ ಶಾಶ್ವತ ಎಂಬುದನ್ನೂ ಅದರಲ್ಲಿ ತಿಳಿಸಿದರು. 2025ರ ಮೇ ತಿಂಗಳಲ್ಲಿ ಆಯ್ಕೆಯಾದ ಜಗದ್ಗುರುಗಳು ಲಿಯೋ ಎಂಬ ಹೆಸರನ್ನೇ ಇಟ್ಟುಕೊಂಡದ್ದು ಆ 1891ರ ವಿಶ್ವಪತ್ರವನ್ನು ನೆನೆದು.

ವಿಶ್ವಪತ್ರಗಳು ರೋಮಿನಿಂದ ಬರುತ್ತವೆ. ಬಾಗಿಲು ತಟ್ಟುವ ಕೆಲಸ ಬಿ.ದುರ್ಗದಲ್ಲೇ ಆಗಬೇಕು. ಹಾಗಾಗಿ ಮೂರು ಸಣ್ಣ ಕೆಲಸಗಳನ್ನು ನಿಮ್ಮ ಮುಂದೆ ಇಡುತ್ತೇನೆ.

ಮೊದಲನೆಯದು, ಈ ತಿಂಗಳಲ್ಲಿ ಪ್ರತಿಯೊಂದು ಕುಟುಂಬವೂ ಪೂಜೆಗೆ ಬರುವುದನ್ನು ಬಿಟ್ಟಿರುವ ಒಂದು ಮನೆಗೆ ಹೋಗಲಿ. ಏಕೆ ಬರಲಿಲ್ಲ ಎಂದು ಕೇಳಬೇಡಿ, ಊಟ ಆಯಿತೇ ಎಂದು ಕೇಳಿ. ಸಾಲ ಇದೆ ಎಂದು ಗೊತ್ತಾದರೆ ಊರಿಗೆ ಸಾರಬೇಡಿ. ಮಾನ ಉಳಿಸಿ ಕೊಡುವುದು ಹಣಕ್ಕಿಂತ ದೊಡ್ಡ ದಾನ. ನಮ್ಮ ಸಂತ ವಿನ್ಸೆಂಟ್ ದೆ ಪೌಲ್ ಸಭೆ ಹುಟ್ಟಿದ್ದು ಹೀಗೆಯೇ. 1833ರಲ್ಲಿ ಪ್ಯಾರಿಸ್ಸಿನಲ್ಲಿ ಓದುತ್ತಿದ್ದ ಫ್ರೆಡರಿಕ್ ಓಝಾನಮ್ ಎಂಬ ಇಪ್ಪತ್ತರ ತರುಣ ಗೆಳೆಯರನ್ನು ಕಟ್ಟಿಕೊಂಡು ಬಡವರ ಮನೆಗಳ ಮೆಟ್ಟಿಲು ಹತ್ತಿದ.

ಎರಡನೆಯದು, ವಸೂಲಿಗೆ ಬಂದವರು ಬೆದರಿಸಿದರೆ, ಬೀದಿಯಲ್ಲಿ ಮಾನ ಕಳೆದರೆ ಸಹಿಸಿಕೊಂಡು ಕೂರಬೇಡಿ. ಅದು ಅಪರಾಧವೆಂದು ಈ ರಾಜ್ಯದ ಕಾನೂನು ಹೇಳಿದೆ. ಠಾಣೆಗೆ ಹೋಗಿ ದೂರು ಕೊಡಿ, ಒಬ್ಬರೇ ಹೋಗಲು ಹೆದರಿಕೆಯಾದರೆ ನನ್ನನ್ನು ಕರೆಯಿರಿ. ಗುಂಪು ಸಾಲದ ಹೆಂಗಸರು ಕಟ್ಟಲಾಗದವಳ ಬಾಗಿಲಲ್ಲಿ ಕಿರುಚುವ ಬದಲು ಅವಳ ಜೊತೆ ನಿಲ್ಲಿರಿ. 1905ರಲ್ಲಿ ಗದಗಿನ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಊರಿನ ರೈತರನ್ನು ಸೇರಿಸಿ ಸಹಕಾರ ಸಂಘ ಕಟ್ಟಿದರಲ್ಲ, ಆ ಹಳ್ಳಿಗರ ಕೈಯಲ್ಲಿ ಇದ್ದ ಬಂಡವಾಳ ದೊಡ್ಡದಲ್ಲ, ಒಬ್ಬರ ಮೇಲೊಬ್ಬರಿಗಿದ್ದ ನಂಬಿಕೆ ದೊಡ್ಡದು.

ಮೂರನೆಯದು ತಂದೆ ತಾಯಂದಿರಿಗೂ ಯುವಕರಿಗೂ. ನಿಮಗೆ ಯಾರಾದರೂ, ಯಾವ ಪಕ್ಷದವರಾದರೂ, ಯಾವ ಧರ್ಮದವರಾದರೂ, ನಮ್ಮವರೇ ಆದರೂ, ಒಬ್ಬ ಶತ್ರುವನ್ನು ತೋರಿಸಿದರೆ ಒಂದೇ ಪ್ರಶ್ನೆ ಕೇಳಿ: "ಇವರನ್ನು ದ್ವೇಷಿಸಿದರೆ ನನ್ನ ಈ ವಾರದ ಕಂತು ಎಷ್ಟು ಕಡಿಮೆಯಾಗುತ್ತದೆ?" ಉತ್ತರ ಕೊಡಲಾರದವನು ನಿಮ್ಮ ಹಸಿವನ್ನು ಕೊಂಡುಕೊಳ್ಳಲು ಬಂದ ವ್ಯಾಪಾರಿ. ಮತ ಹಾಕುವಾಗಲೂ ಇದೇ ಪ್ರಶ್ನೆ ಕೇಳಿ. ಮೊಬೈಲಿನಲ್ಲಿ ಸಂದೇಶವೊಂದನ್ನು ಮುಂದಕ್ಕೆ ಕಳುಹಿಸುವ ಮುನ್ನ ಬೆರಳನ್ನು ಒಂದು ಕ್ಷಣ ತಡೆದು, ಅದೇ ಬೆರಳಿನಿಂದ ಹಣೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಳ್ಳಿ. ಆಮೇಲೂ ಕಳುಹಿಸಬೇಕೆನಿಸಿದರೆ ಕಳುಹಿಸಿ.

ಸಂತ ಪೌಲರು ಇಂದಿನ ಎರಡನೆಯ ವಾಚನದಲ್ಲಿ ಕ್ರಿಸ್ತರು ತಮ್ಮನ್ನೇ ಬರಿದು ಮಾಡಿಕೊಂಡು ದಾಸನ ರೂಪ ತಾಳಿದ್ದನ್ನು ಹೇಳುತ್ತಾರೆ. ಬರಿದಾದ ಕೈಗಳ ಸಂಕಟ ಅವರಿಗೆ ಹೊಸದಲ್ಲ. ನಿಮ್ಮಲ್ಲಿ ಬರಿಗೈಯಲ್ಲಿ ಬಂದವರಿದ್ದರೆ ನಾಚಬೇಡಿ. ಇಂದು ಕಾಣಿಕೆಯ ತಟ್ಟೆ ಬಂದಾಗ ಕೊಡಲು ಏನೂ ಇಲ್ಲದವರು ತಟ್ಟೆಯ ಮೇಲೆ ಒಂದು ಕ್ಷಣ ಕೈ ಇಟ್ಟು ಮುಂದಕ್ಕೆ ದಾಟಿಸಿ. ಅದೂ ಕಾಣಿಕೆಯೇ. ಇರುವವರು, ಆ ಕೈಯನ್ನು ಕಂಡರೆ, ಪೂಜೆಯಾದ ಮೇಲೆ ಅವರ ಜೊತೆ ಅಂಗಳದಲ್ಲಿ ಸ್ವಲ್ಪ ಹೊತ್ತು ನಿಲ್ಲಿ.

ಮೇಲೇರಿಸಲ್ಪಟ್ಟ ಪ್ರಭು ನಮ್ಮ ಮನೆಗಳಿಂದ ಹಸಿವನ್ನೂ ಮನಸ್ಸುಗಳಿಂದ ಕಹಿಯನ್ನೂ ತೆಗೆಯಲಿ. ನಮ್ಮ ಊರಿನ ಯಾವ ಮಗನೂ ಯಾರೂ ಕೇಳುವವರಿಲ್ಲದೆ ಹನ್ನೊಂದು ತಿಂಗಳು ಕಾಯದಿರಲಿ. ಪಿತನ, ಸುತನ ಮತ್ತು ಪವಿತ್ರಾತ್ಮರ ನಾಮದಲ್ಲಿ, ಆಮೆನ್.